ಒಂದಕ್ಷರ ಬಂದು ನಿಂತ ಮಧ್ಯಾಹ್ನ

ಎಂಬತ್ತೇಳರ ಬೇಸಿಗೆಯಲ್ಲಿ ಒಂದು ದಿನ ಗಿರಿಜಾದೇವಿ ಐಸ್ ತುಂಬಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಜಯನಗರದಿಂದ ಬನಶಂಕರಿಗೆ ಹೋದಳು. ಅದೇ ಪೆಟ್ಟಿಗೆಯನ್ನು ಖಾಲಿಯಾಗಿ ಹೊತ್ತು ಹಿಂದಿರುಗಿದಳು.

ಅವಳು ಕೆಲಸಕ್ಕಿದ್ದದ್ದು ಒಂದು ಖಾಸಗಿ ಟ್ರಸ್ಟಿನ ಬ್ಲಡ್ ಬ್ಯಾಂಕಿನಲ್ಲಿ. ಮುಖ್ಯ ಕೇಂದ್ರ ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯಲ್ಲಿತ್ತು, ಶಾಖೆ ಬನಶಂಕರಿ ಎರಡನೇ ಹಂತದಲ್ಲಿ. ಜೆ.ಪಿ. ನಗರದಲ್ಲಿ ಕಟ್ಟುತ್ತಿದ್ದ ಮನೆಯೊಂದರ ಸಾರವೆಯಿಂದ ಬಿದ್ದಿದ್ದ ಪಿಳ್ಳಣ್ಣ ಎಂಬ ಗಾರೆ ಕೆಲಸದವನಿಗೆ ಅವತ್ತು ರಕ್ತ ಬೇಕಾಗಿತ್ತು. ಅವನ ಗುಂಪಿನ ಬಾಟಲಿಗಳು ಬನಶಂಕರಿಯಲ್ಲಿವೆ ಎಂದು ಬೆಳಗಿನ ಲೆಕ್ಕ ಹೇಳುತ್ತಿತ್ತು. ಬನಶಂಕರಿಯ ಫೋನು ಕೆಟ್ಟಿತ್ತು. ಗಿರಿಜಾದೇವಿ ತಾನೇ ಹೊರಟಳು. ಅಲ್ಲಿ ಹೋಗಿ ನೋಡಿದರೆ ಆ ಬಾಟಲಿಗಳು ಆಗಲೇ ಬೇರೆ ಆಸ್ಪತ್ರೆಗೆ ಹೋಗಿಬಿಟ್ಟಿದ್ದವು.

ಅವಳು ವಾಪಸ್ಸು ಬಂದಾಗ ಪಿಳ್ಳಣ್ಣನ ಹೆಂಡತಿ ಯಲ್ಲಮ್ಮ ಬಾಗಿಲಿನ ಬೆಂಚಿನ ಮೇಲೆ ಕೂತಿದ್ದಳು. ಪೆಟ್ಟಿಗೆ ಕಂಡದ್ದೇ ಎದ್ದು ನಿಂತಳು.

"ಸಿಕ್ತಾ ಮೇಡಂ?"

ಗಿರಿಜಾದೇವಿ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದಳು. ಬೇರೆ ಕಡೆಯಿಂದ ರಕ್ತ ತರಿಸುವ ಹೊತ್ತಿಗೆ ತಡವಾಗಿತ್ತು. ಸಮಯಕ್ಕೆ ಸಿಕ್ಕಿದ್ದರೂ ಅವನು ಉಳಿಯುತ್ತಿದ್ದನೋ ಇಲ್ಲವೋ ಹೇಳಲಾಗದು ಎಂದು ವೈದ್ಯರು ಸಮಾಧಾನ ಹೇಳಿದರು. ಆ ಸಮಾಧಾನ ಯಾರಿಗೂ ಆಗಲಿಲ್ಲ.

ಗಿರಿಜಾದೇವಿಯ ತಂದೆ ಕೊಟ್ಟೂರಿನ ಕಡೆಯಿಂದ ಬಂದು ಲಾಲ್‌ಬಾಗಿನ ಹತ್ತಿರದ ಸಿದ್ದಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮಗಳು ಗಣಿತ ಓದಿ, ಮದುವೆಯಾದ ಮೇಲೆ ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತಳು. ಟ್ರಸ್ಟಿಗೆ ಗುಮಾಸ್ತೆಯಾಗಿ ಸೇರಿದವಳು, ಅಲ್ಲಿಗೆ ಕಂಪ್ಯೂಟರುಗಳು ಬಂದಾಗ ಅವನ್ನು ನೋಡಿಕೊಳ್ಳುವವಳೂ ಆದಳು. ಜಯನಗರದಲ್ಲಿ ಮೂರು, ಬನಶಂಕರಿಯಲ್ಲಿ ಮೂರು. ಆಯಾ ಕಟ್ಟಡದೊಳಗಿನ ಮೂರನ್ನೂ ಕೇಬಲ್ಲಿನಿಂದ ಒಂದು ಜಾಲವಾಗಿ ಹೆಣೆದಿದ್ದರು. ಒಂದರಲ್ಲಿ ಬರೆದದ್ದು ಪಕ್ಕದ ಕೋಣೆಯ ಇನ್ನೊಂದರಲ್ಲಿ ಕಾಣುತ್ತಿತ್ತು. ಆದರೆ ಜಯನಗರದ ಜಾಲಕ್ಕೂ ಬನಶಂಕರಿಯ ಜಾಲಕ್ಕೂ ಸಂಬಂಧವಿರಲಿಲ್ಲ. ನಡುವೆ ಇದ್ದದ್ದು ಆಗಾಗ ಸಾಯುವ ಒಂದು ಫೋನು ಮಾತ್ರ.

ಪಿಳ್ಳಣ್ಣ ಸತ್ತ ವಾರ ಅವಳು ಟ್ರಸ್ಟಿನ ಕಾರ್ಯದರ್ಶಿ ಸೋಮಲಿಂಗಪ್ಪನವರ ಮುಂದೆ ಹೋಗಿ ನಿಂತಳು.

"ಸಾರ್, ಎರಡು ಕಡೆಯ ಕಂಪ್ಯೂಟರೂ ಸೇರಿಸ್ಬೇಕು. ಅಲ್ಲಿ ಒಂದು ಬಾಟಲಿ ಹೊರಗೆ ಹೋದ್ರೆ ಇಲ್ಲಿ ತಕ್ಷಣ ಗೊತ್ತಾಗ್ಬೇಕು."

"ಅಷ್ಟು ದೂರಕ್ಕೆ ಕೇಬಲ್ ಯಾರಮ್ಮ ಎಳೀತಾರೆ?"

"ನಾವು ಎಳೆಯೋದು ಬೇಡ ಸಾರ್. ಟೆಲಿಫೋನ್ ಇಲಾಖೆಯವರು ನಮಗೇ ಅಂತ ಒಂದು ಲೈನ್ ಬಾಡಿಗೆಗೆ ಕೊಡ್ತಾರೆ. ಎರಡು ತುದೀಲೂ ಒಂದೊಂದು ಮೋಡೆಮ್ ಹಾಕಿದ್ರಾಯ್ತು."

ಸೋಮಲಿಂಗಪ್ಪನವರು ಕೆಟ್ಟವರಲ್ಲ. ಕಟ್ಟಡಕ್ಕೆ, ಫ್ರಿಜ್ಜಿಗೆ, ಕಡೆಗೆ ಹತ್ತಿಗೂ ಊರಿನ ದೊಡ್ಡವರ ಮನೆಬಾಗಿಲು ತಟ್ಟಿ ಟ್ರಸ್ಟನ್ನು ನಿಲ್ಲಿಸಿದವರು. ಯೋಚಿಸಿ ನೋಡಿ ಒಪ್ಪಿದರು.

ಮನೆಯಲ್ಲಿ ಮಾತು ಅಷ್ಟು ಸುಲಭವಾಗಲಿಲ್ಲ. ಗಂಡ ಏಕಾಂತಯ್ಯ ಬ್ಯಾಂಕಿನಲ್ಲಿ ಗುಮಾಸ್ತ, ಯೂನಿಯನ್ನಿನ ಮನುಷ್ಯ. ಕಂಪ್ಯೂಟರ್ ಬಂದರೆ ನೌಕರಿ ಹೋಗುತ್ತದೆಂದು ಬ್ಯಾಂಕುಗಳಲ್ಲಿ ಗಲಾಟೆ ನಡೆಯುತ್ತಿದ್ದ ಕಾಲ. ಅವನು ಅಂಗಿಗೆ ಪ್ರತಿಭಟನೆಯ ಬಿಲ್ಲೆ ಚುಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

"ನಾನು ಗೇಟಿನ ಮುಂದೆ ಕಂಪ್ಯೂಟರ್ ಬೇಡ ಅಂತ ಕೂಗೋದು, ನೀನು ಊರಿಗೆಲ್ಲ ಕಂಪ್ಯೂಟರ್ ಕಟ್ಟೋದು. ಜನ ನಗ್ತಾರೆ ಗಿರಿಜಾ."

"ನಗ್ಲಿ ಬಿಡಿ. ನಾನು ಯಾರ ಕೆಲಸಾನೂ ತೆಗೀತಿಲ್ಲ."

"ಇವತ್ತು ಇಲ್ಲ."

ಅವನ ಹೆದರಿಕೆ ಸುಳ್ಳೆಂದು ಅವಳಿಗೂ ಅನ್ನಿಸಿರಲಿಲ್ಲ.

ಲೈನು ಮಂಜೂರಾಗಿ ಬರುವಷ್ಟರಲ್ಲಿ ವರ್ಷ ಕಳೆಯಿತು. ಇಲಾಖೆಯಿಂದ ಬಂದ ಸೇತುರಾಮ ಎರಡೂ ತುದಿಗೆ ತಂತಿ ತಂದು ಕೊಟ್ಟ. ಗಿರಿಜಾದೇವಿ ಪ್ರತಿ ಕಟ್ಟಡದಲ್ಲೂ ಒಂದು ಕಂಪ್ಯೂಟರನ್ನು ಇದಕ್ಕೆಂದೇ ಬಿಟ್ಟುಕೊಟ್ಟಳು. ಅದು ಒಂದು ಕಡೆ ಕಟ್ಟಡದ ಜಾಲಕ್ಕೆ ಸೇರಿದ್ದರೆ, ಇನ್ನೊಂದು ಕಡೆ ಬೆನ್ನಿನ ಸೀರಿಯಲ್ ಪೋರ್ಟಿನಿಂದ ಮೋಡೆಮ್ಮಿಗೆ ಸೇರಿತ್ತು. ಸೀರಿಯಲ್ ಎಂದರೆ ಸಾಲು. ಕಟ್ಟಡದೊಳಗೆ ಗುಂಪಾಗಿ ಓಡಾಡುವ ಮಾಹಿತಿ ಆ ಬಾಗಿಲಲ್ಲಿ ಒಂದರ ಹಿಂದೊಂದು ನಿಂತು ಹೊರಡಬೇಕು. ಮೋಡೆಮ್ ಅದನ್ನು ಸದ್ದಾಗಿ ಮಾಡಿ ತಂತಿಗೆ ಬಿಡುತ್ತದೆ. ಆ ತುದಿಯ ಮೋಡೆಮ್ ಸದ್ದನ್ನು ಮತ್ತೆ ಮಾಹಿತಿಯಾಗಿಸುತ್ತದೆ. ಒಂದರ ಸದ್ದು ಇನ್ನೊಂದಕ್ಕೆ ಕೇಳಿಸುತ್ತಿರುವವರೆಗೆ ಮುಂಭಾಗದಲ್ಲಿ ಒಂದು ಕೆಂಪು ದೀಪ ಉರಿಯುತ್ತಿತ್ತು.

ದೀಪ ಮೊದಲ ದಿನವೇ ಉರಿಯಿತು. ಕೆಲಸ ಮಾತ್ರ ಆಗಲಿಲ್ಲ. ಪಕ್ಕದ ಕೋಣೆಯಿಂದ ಕ್ಷಣದಲ್ಲಿ ಉತ್ತರ ಬಂದು ಅಭ್ಯಾಸವಿದ್ದ ಕಂಪ್ಯೂಟರು ಬನಶಂಕರಿಯ ಉತ್ತರಕ್ಕೆ ಕಾಯಲಾರದೆ ಕೈಬಿಟ್ಟುಬಿಡುತ್ತಿತ್ತು. ಅಲ್ಲಿನ ಇಡೀ ಪಟ್ಟಿಯನ್ನು ಪ್ರತಿ ಸಲ ಇಲ್ಲಿಗೆ ಎಳೆದುಕೊಳ್ಳುವುದು ಆ ಕಿರಿದಾದ ದಾರಿಯಲ್ಲಿ ಆಗದ ಮಾತೆಂದು ಗಿರಿಜಾದೇವಿಗೆ ಅರ್ಥವಾಯಿತು. ಪ್ರೋಗ್ರಾಂ ತಿದ್ದಿದಳು. ಎರಡೂ ಕಡೆ ಎರಡೂ ಪಟ್ಟಿ ಇರಬೇಕು. ಬಾಟಲಿ ಬಂದರೆ, ಹೋದರೆ, ಆ ಒಂದು ಸಾಲು ಮಾತ್ರ ತಂತಿಯ ಮೇಲೆ ಹೋಗಬೇಕು. ಈಗ ಕೆಲಸ ಹಗುರವಾಗಿ ನಡೆಯಿತು.

ಆದರೆ ಬೇರೊಂದು ಭಯ ಹುಟ್ಟಿತು. ತಂತಿಯಲ್ಲಿ ಗೊರಗೊರ ಎದ್ದು ದೀಪ ಆರಿದ ಗಳಿಗೆಯಲ್ಲಿ ಒಂದು ಸಾಲು ಕಳೆದುಹೋದರೆ? ಅಲ್ಲಿ ಫ್ರಿಜ್ ಖಾಲಿ, ಇಲ್ಲಿ ಪರದೆಯ ಮೇಲೆ ಬಾಟಲಿ. ಅದಕ್ಕಾಗಿ ಅವಳು ಒಂದು ಕಾವಲು ಇಟ್ಟಳು. ಎರಡೂ ಕಡೆಯವು ಆಗಾಗ ತಮ್ಮ ಪಟ್ಟಿಗಳನ್ನು ಹೋಲಿಸಿ ನೋಡಬೇಕು. ತಾಳೆಯಾಗದಿದ್ದರೆ, ಅಥವಾ ಹೋಲಿಸಲಾಗದಿದ್ದರೆ, 'ತಾಳೆಯಿಲ್ಲ' ಎಂಬ ಸಾಲು ಪರದೆಯ ನೆತ್ತಿಯ ಮೇಲೆ ಮಿನುಗಬೇಕು. ಮಿನುಗುವಾಗ ಆ ಕಡೆಯ ಲೆಕ್ಕವನ್ನು ನಂಬಬಾರದು.

ಅದು ಮಿನುಗುತ್ತಲೇ ಇತ್ತು. ದಿನಕ್ಕೆ ಎಷ್ಟೋ ಸಲ. ಸೇತುರಾಮ ಬಂದು ತುದಿಗಳನ್ನು ಪರೀಕ್ಷಿಸಿ, "ನಮ್ ಕಡೆ ಸರಿಯಾಗಿದೆ ಮೇಡಂ, ಮಳೆಗಾಲ, ಸ್ವಲ್ಪ ಹಿಂಗೇ" ಎಂದು ಹೋಗುತ್ತಿದ್ದ.

ಈ ಹೊಸ ಸಂಪರ್ಕದ ಉದ್ಘಾಟನೆಗೆ ಒಂದು ವಾರವಿತ್ತು. ಸೋಮಲಿಂಗಪ್ಪನವರು ಪರದೆಯ ಮುಂದೆ ಬಂದು ನಿಂತರು.

"ಇದನ್ನ ತೆಗೆದುಬಿಡಮ್ಮ."

"ಯಾವುದು ಸಾರ್?"

"ಈ ತಾಳೆಯಿಲ್ಲ, ತಾಳೆಯಿಲ್ಲ. ಸಚಿವರ ಕಡೆಯವರು ಬರ್ತಾರೆ, ದಾನಿಗಳು ಬರ್ತಾರೆ. ಅವರ ಮುಂದೆ ಹಿಂಗೆ ಮಿನುಗ್ತಾ ಇದ್ರೆ ನಮ್ಮ ಮರ್ಯಾದೆ ಏನಾಗುತ್ತೆ?"

"ತೆಗೆದ್ರೆ ಪರದೆ ಸುಳ್ಳು ಹೇಳುತ್ತೆ ಸಾರ್."

"ಸುಳ್ಳಲ್ಲಮ್ಮ. ನೂರಕ್ಕೆ ತೊಂಬತ್ತು ಸಲ ಸರಿಯಾಗೇ ಇರುತ್ತಲ್ಲ?"

"ಇರುತ್ತೆ. ಯಾವ ತೊಂಬತ್ತು ಅನ್ನೋದು ಗೊತ್ತಾಗಲ್ಲ."

ಅವರ ಮುಖ ಗಂಟಾಯಿತು. "ನಿನ್ನ ಕೈಲಾಗಲ್ಲ ಅಂದ್ರೆ ಹೇಳು. ಕಂಪ್ಯೂಟರ್ ಮಾರಿದ ಕಂಪನಿಯವರನ್ನ ಶುಕ್ರವಾರ ಕರೆಸ್ತೀನಿ. ಅವರೇ ತೆಗೀತಾರೆ."

ಅವಳು ತಲೆ ತಗ್ಗಿಸಿ ನಿಂತಳು, ಆದರೆ ಸರಿ ಎನ್ನಲಿಲ್ಲ. ಶುಕ್ರವಾರದ ನಂತರ ತನಗೆ ಇಲ್ಲಿ ಕೆಲಸ ಇರುತ್ತದೋ ಇಲ್ಲವೋ ಎಂಬ ಯೋಚನೆ ಮೂರು ದಿನ ಕೊರೆಯಿತು.

ಗುರುವಾರ ಊರಿಗೆ ಊರೇ ಬಂದ್ ಆಗಿತ್ತು. ಬಸ್ಸಿಲ್ಲ, ಆಟೋ ಇಲ್ಲ. ಗಿರಿಜಾದೇವಿ ಬೆಳಿಗ್ಗೆಯೇ ನಡೆದು ಬಂದಿದ್ದಳು. ದಾರಿಯಲ್ಲಿ ಎರಡು ಕಡೆ ಟೈರು ಸುಡುತ್ತಿದ್ದುದನ್ನು ಕಂಡಿದ್ದಳು. ಬನಶಂಕರಿಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಬೈರಣ್ಣ ಒಬ್ಬನೇ ಕೆಲಸಕ್ಕೆ ಬಂದಿದ್ದ. ಶಾಖೆಯ ಹಿಂದಿನ ಬೀದಿಯಲ್ಲೇ ಅವನ ಮನೆ.

ಮಧ್ಯಾಹ್ನ ಒಬ್ಬ ಮನುಷ್ಯ ಸೈಕಲ್ಲನ್ನು ಬಾಗಿಲಲ್ಲೇ ಬೀಳಿಸಿ ಒಳಗೆ ಓಡಿ ಬಂದ. ಹೆಸರು ಸಂಜೀವಯ್ಯ. ಪುಟ್ಟೇನಹಳ್ಳಿ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಅವನ ಹೆಂಡತಿಗೆ ಹೆರಿಗೆಯಾಗಿತ್ತು. ಮಗು ಚೆನ್ನಾಗಿತ್ತು, ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ. ಕೈಯಲ್ಲಿ ವೈದ್ಯರ ಚೀಟಿ, ಅವಳ ರಕ್ತದ ಪುಟ್ಟ ಸೀಸೆ. ಓ ನೆಗೆಟಿವ್, ಮೂರು ಬಾಟಲಿ.

ಜಯನಗರದ ಫ್ರಿಜ್ಜಿನಲ್ಲಿ ಇದ್ದದ್ದು ಒಂದೇ. ಲ್ಯಾಬಿನವರು ಸೀಸೆಯ ರಕ್ತದೊಂದಿಗೆ ಅದನ್ನು ಹೊಂದಿಸಿ ನೋಡಿ ಕೊಟ್ಟರು. "ಇದನ್ನ ತಗೊಂಡು ನೀವು ಮೊದಲು ಹೋಗಿ" ಎಂದಳು ಗಿರಿಜಾದೇವಿ. "ಉಳಿದಿದ್ದು ನಮ್ಮ ಗಾಡೀಲಿ ಬರುತ್ತೆ."

"ಬರುತ್ತಲ್ವಾ ಮೇಡಂ?"

"ಬರುತ್ತೆ. ಹೋಗಿ."

ಅಂದುಬಿಟ್ಟಳು. ಎಲ್ಲಿಂದ ಎಂಬುದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಪರದೆಯ ಮೇಲೆ ಬನಶಂಕರಿಯ ಸಾಲಿನಲ್ಲಿ ಓ ನೆಗೆಟಿವ್ ಎರಡು ಎಂದಿತ್ತು. ಬೇಕಾದದ್ದೂ ಎರಡೇ. ಅದರ ನೆತ್ತಿಯಲ್ಲಿ 'ತಾಳೆಯಿಲ್ಲ' ಮಿನುಗುತ್ತಿತ್ತು.

ಫೋನೆತ್ತಿದಳು. ಬನಶಂಕರಿಯ ನಂಬರು ತಿರುಗಿಸಿದರೆ ಏನೂ ಕೇಳಿಸಲಿಲ್ಲ. ಬೆಳಗಿನಿಂದ ಅಲ್ಲಿನ ಫೋನು ಸತ್ತಿತ್ತು. ಸಿದ್ದಾಪುರದ ಆಚೆ ಲಾಲ್‌ಬಾಗಿನ ಕಡೆಯಿದ್ದ ದೊಡ್ಡ ಆಸ್ಪತ್ರೆಯೊಂದಕ್ಕೆ ಮಾಡಿದಳು. ಸಿಕ್ಕಿತು. "ಇದೆ, ಎರಡು ಕೊಡಬಹುದು, ಆದರೆ ಬೇಗ ಬನ್ನಿ. ಇಲ್ಲೂ ಗಾಯಾಳುಗಳು ಬರ್ತಿದಾರೆ" ಎಂದರು.

ಟ್ರಸ್ಟಿನ ಮಟಡೋರ್ ವ್ಯಾನಿನ ಚಾಲಕ ಮುನಿಯಣ್ಣ ಬಾಗಿಲಲ್ಲಿ ಬಂದು ನಿಂತ. ಬೆಳಿಗ್ಗೆ ಒಮ್ಮೆ ಹೊರಗೆ ಹೋಗಿ ಬಂದಿದ್ದ ಗಾಡಿಯ ಪಕ್ಕದ ಗಾಜು ಒಡೆದಿತ್ತು.

"ಮೇಡಂ, ಬನಶಂಕರಿ ಕಡೆಗಾ, ಸಿದ್ದಾಪುರದ ಕಡೆಗಾ? ಒಂದು ಹೇಳ್ಬಿಡಿ. ಒಂದು ಕಡೆ ಹೋಗಿ ಬರಬಹುದು. ಅಲ್ಲಿಲ್ಲ ಅಂತ ಇನ್ನೊಂದು ಕಡೆ ತಿರುಗೋಕಾಗಲ್ಲ ಇವತ್ತು."

ಬನಶಂಕರಿ ಹತ್ತಿರ. ಅಲ್ಲಿಂದ ಪುಟ್ಟೇನಹಳ್ಳಿಗೆ ಒಳದಾರಿಯೂ ಇತ್ತು. ಸಿದ್ದಾಪುರದ ದಾರಿ ಗಲಾಟೆಯ ದಾರಿ, ಮೇಲಾಗಿ ತಿರುಗಿ ಇಡೀ ಜಯನಗರ ದಾಟಿ ಬರಬೇಕು. ಮಾಳಿಗೆಯ ಆಫೀಸಿನಿಂದ ಇಳಿದು ಬಂದ ಸೋಮಲಿಂಗಪ್ಪನವರು ಪರದೆ ನೋಡಿದರು.

"ಎರಡಿದೆ ಅಂತ ತೋರಿಸ್ತಿದೆಯಲ್ಲಮ್ಮ. ಕಳಿಸು."

"ಒಂದು ನಿಮಿಷ ಸಾರ್. ಬೈರಣ್ಣನ್ನ ಕೇಳ್ತೀನಿ."

ಪರೀಕ್ಷೆಗೆಂದು ಅವಳು ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದಳು. ಇಲ್ಲಿ ಒತ್ತಿದ ಅಕ್ಷರ ಒತ್ತಿದ ಹಾಗೆಯೇ ಅಲ್ಲಿನ ಪರದೆಯ ಮೇಲೆ ಮೂಡುತ್ತಿತ್ತು, ಅಲ್ಲಿಯದು ಇಲ್ಲಿ. ಕನ್ನಡ ಅಕ್ಷರ ಇರಲಿಲ್ಲ; ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಿದ್ದರು. ಆ ವಾರವೆಲ್ಲ ಬನಶಂಕರಿಯ ಆಫೀಸು ಕೋಣೆಯ ಕಂಪ್ಯೂಟರಿನಲ್ಲಿ ಅದು ತೆರೆದೇ ಇರುತ್ತಿತ್ತು. ಫ್ರಿಜ್ ತೆರೆದು ಓ ನೆಗೆಟಿವ್ ಎಷ್ಟಿದೆ ನೋಡಿ ಹೇಳಿ ಎಂದು ಒತ್ತಿದಳು.

ಉತ್ತರವಿಲ್ಲ. ಬೈರಣ್ಣ ಲ್ಯಾಬಿನಲ್ಲಿರುತ್ತಾನೆ. ಆಫೀಸು ಕೋಣೆಯ ಪರದೆಯಲ್ಲಿ ಏನು ಮೂಡಿದರೂ ಅವನಿಗೆ ಕಾಣದು. ಮತ್ತೆ ಒತ್ತಿದಳು. ಮತ್ತೆ ಮೌನ. ಹೊರಗೆ ಮುನಿಯಣ್ಣ ಎಂಜಿನ್ ಶುರು ಮಾಡಿದ್ದು ಕೇಳಿಸಿತು.

ಕೂಗಿದರೆ ಕೇಳುವಂಥದ್ದು ಅಲ್ಲಿ ಏನಿದೆ ಎಂದು ಅವಳು ಆ ಕೋಣೆಯನ್ನು ಮನಸ್ಸಿನಲ್ಲಿ ಸುತ್ತಿ ಬಂದಳು. ಮೇಜು, ಬೀರು, ಕಿಟಕಿ, ಪ್ರಿಂಟರು.

ಪ್ರಿಂಟರು! ಸೂಜಿಗಳಿಂದ ಚುಚ್ಚಿ ಅಚ್ಚು ಹಾಕುವ ಹಳೆಯ ಬಗೆಯದು, ಶುರುವಾದರೆ ಪಕ್ಕದ ಮನೆಯವರೂ ಕಿವಿ ಮುಚ್ಚಿಕೊಳ್ಳಬೇಕು. ಎರಡು ಜಾಲ ಒಂದಾದ ಮೇಲೆ ಅದಕ್ಕೆ ಇಲ್ಲಿಂದಲೇ ಕೆಲಸ ಕೊಡಬಹುದಿತ್ತು. ಅವಳು ಪುಟ ತುಂಬ ಬೈರಣ್ಣನ ಹೆಸರನ್ನೇ ತುಂಬಿಸಿ ಬನಶಂಕರಿಯ ಪ್ರಿಂಟರಿಗೆ ಕಳಿಸಿದಳು. ಒಂದು ಪುಟ, ಇನ್ನೊಂದು, ಮತ್ತೊಂದು. ಅಲ್ಲಿ ಅದು ಅರಚುತ್ತಿದೆಯೋ ಇಲ್ಲವೋ ಇಲ್ಲಿಂದ ತಿಳಿಯುವ ದಾರಿಯಿರಲಿಲ್ಲ. ಮೋಡೆಮ್ಮಿನ ದೀಪ ಒಮ್ಮೆ ಮಂಕಾಗಿ ಮತ್ತೆ ಉರಿಯಿತು.

"ಗಿರಿಜಾದೇವಿ, ಅಲ್ಲೊಬ್ಬಳು ಸಾಯ್ತಾ ಇದಾಳೆ" ಎಂದರು ಸೋಮಲಿಂಗಪ್ಪನವರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ಗಾಬರಿಯಿತ್ತು.

ಆಗ ಪರದೆಯ ಮೇಲೆ ಒಂದು ಅಕ್ಷರ ಬಿತ್ತು. ಇನ್ನೊಂದು. ಬೈರಣ್ಣ ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತುತ್ತಿದ್ದ. BANDE. NODTINI. ಆಮೇಲೆ ಏನೂ ಇಲ್ಲ. ಫ್ರಿಜ್ಜಿನ ಕಡೆ ಹೋಗಿದ್ದಾನೆ. ಎಂಜಿನ್ ಹಾಗೇ ಬಿಟ್ಟು ಮುನಿಯಣ್ಣನೂ ಒಳಗೆ ಬಂದು ಪರದೆಯ ಮುಂದೆ ನಿಂತ. ಮತ್ತೆ ಅಕ್ಷರಗಳು.

O NEG I

ಅಷ್ಟಕ್ಕೆ ಕೆಂಪು ದೀಪ ಆರಿತು.

ಗಿರಿಜಾದೇವಿ ಮೋಡೆಮ್ಮನ್ನು ಆರಿಸಿ ಮತ್ತೆ ಹಾಕಿದಳು. ತಂತಿಯನ್ನು ಒತ್ತಿ ನೋಡಿದಳು. ದೀಪ ಬರಲಿಲ್ಲ. ಪರದೆಯ ಮೇಲೆ ಆ ಒಂದು 'I' ನಿಂತೇ ಇತ್ತು. ಇದೆ ಎಂದು ಬರೆಯುವವನೂ ಅದೇ ಅಕ್ಷರದಿಂದ ಶುರು ಮಾಡುತ್ತಾನೆ, ಇಲ್ಲ ಎಂದು ಬರೆಯುವವನೂ ಅದೇ ಅಕ್ಷರದಿಂದ.

"ಇದೆ ಅಂತಾನೇ ಇರ್ಬೇಕು" ಎಂದರು ಸೋಮಲಿಂಗಪ್ಪನವರು. "ಎರಡು ಅಂತ ಮೊದಲೇ ತೋರಿಸ್ತಿತ್ತಲ್ಲ."

ಮುನಿಯಣ್ಣ ಅವಳ ಮುಖ ನೋಡಿದ. "ಹೇಳಿ ಮೇಡಂ."

ಇದೆಯಾದರೆ, ಹತ್ತಿರದ ರಕ್ತ ಬಿಟ್ಟು ಗಲಾಟೆಯ ಬಾಯಿಗೆ ಗಾಡಿ ಕಳಿಸಿದಂತೆ. ಗಾಡಿ ಅಲ್ಲೇ ಸಿಕ್ಕಿಬಿದ್ದರೆ ಅದರ ಹೊಣೆ ಯಾರದೂ ಅಲ್ಲ, ತನ್ನದು. ಇಲ್ಲವಾದರೆ, ಖಾಲಿ ಫ್ರಿಜ್ಜಿನ ಮುಂದೆ ಹೋಗಿ ನಿಲ್ಲಬೇಕು. ತಿಳಿಯದ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದನ್ನು ಅವಳು ತಾನೇ ಒಂದು ತಿಂಗಳ ಹಿಂದೆ, ತಣ್ಣಗೆ ಕೂತು, ಪ್ರೋಗ್ರಾಮಿನಲ್ಲಿ ಬರೆದಿದ್ದಳು. ತಾಳೆಯಿಲ್ಲ ಎಂದರೆ ಅಲ್ಲಿ ಇಲ್ಲವೆಂದೇ ತಿಳಿದು ನಡೆಯುವುದು.

"ಈ ಸೀಸೆ ತಗೊಂಡು ಸಿದ್ದಾಪುರದ ಕಡೆ ಹೋಗಿ ಮುನಿಯಣ್ಣ. ಅಲ್ಲಿಂದ ನೇರ ಪುಟ್ಟೇನಹಳ್ಳಿಗೆ."

"ಗಿರಿಜಾದೇವಿ!" ಎಂದರು ಸೋಮಲಿಂಗಪ್ಪನವರು.

"ನಾನು ಹೇಳ್ತಿದೀನಿ ಸಾರ್. ಹೋಗ್ಲಿ."

ವ್ಯಾನು ಹೋಯಿತು. ಸೋಮಲಿಂಗಪ್ಪನವರು ಕುರ್ಚಿಯೊಂದನ್ನು ಎಳೆದುಕೊಂಡು ಕೂತರು, ಅವಳ ಕಡೆ ನೋಡಲಿಲ್ಲ. ಅವಳು ಮೋಡೆಮ್ಮಿನ ಮುಂದೆ ನಿಂತೇ ಇದ್ದಳು. ದೂರದಲ್ಲಿ ಎಲ್ಲೋ ಪಟಾಕಿ ಸಿಡಿದಂಥ ಸದ್ದಾಯಿತು. ಪಟಾಕಿಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ತಾನು ಹಟಕ್ಕೆ ಬಿದ್ದು ಹೀಗೆ ಮಾಡಿದೆನೇ ಎಂಬ ಪ್ರಶ್ನೆ ಅವಳನ್ನು ಹಿಂಡಿತು. ಶುಕ್ರವಾರ ತೆಗೆಸುತ್ತೇನೆ ಎಂದವರ ಎದುರು ತನ್ನ ಕಾವಲೇ ದೊಡ್ಡದೆಂದು ಸಾಧಿಸುವ ಆಸೆ ಎಲ್ಲಾದರೂ ಇತ್ತೇ? ಇಲ್ಲ ಎಂದು ಆಣೆಯಿಟ್ಟು ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ದೀಪ ಹೊತ್ತಿಕೊಂಡಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಬೈರಣ್ಣನ ಬೆರಳು ಮತ್ತೆ ಮೊದಲಿನಿಂದ ಶುರು ಮಾಡಿತು.

O NEG ILLA. ERADU BELIGGE HOYTU. NANDU O POS. NEG AGIDRE NANE KODTIDDE.

ಗಿರಿಜಾದೇವಿ ಪರದೆಯ ಮುಂದಿನಿಂದ ಪಕ್ಕಕ್ಕೆ ಸರಿದಳು. ಸೋಮಲಿಂಗಪ್ಪನವರು ಎದ್ದು ಬಂದು ಬಗ್ಗಿ ಓದಿದರು. ಓದಿ, ಕನ್ನಡಕ ತೆಗೆದರು. ಬೆಳಿಗ್ಗೆ ಬೈರಣ್ಣ ಎರಡು ಬಾಟಲಿ ಹೊರಗೆ ಕೊಟ್ಟು ಅದನ್ನು ಸರಿಯಾಗಿಯೇ ಬರೆದಿದ್ದ. ಆ ಸಾಲು ತಂತಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಆದರೆ ಅದರಿಂದ ಏನೂ ಮುಗಿಯಲಿಲ್ಲ. ವ್ಯಾನಿನ ಸುದ್ದಿಯಿಲ್ಲ. ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರೆ, "ತಗೊಂಡು ಹೋಗಿ ಆಗಲೇ ಹೊತ್ತಾಯ್ತು" ಎಂದರು. ನರ್ಸಿಂಗ್ ಹೋಮಿನ ಫೋನು ಯಾರೂ ಎತ್ತುತ್ತಿರಲಿಲ್ಲ. ಸಂಜೆ ಇಳಿಯುವ ಹೊತ್ತಿಗೆ ಮುನಿಯಣ್ಣನೇ ಬಂದ. ಹಣೆಯ ಮೇಲೆ ಬಟ್ಟೆ ಕಟ್ಟಿಕೊಂಡಿದ್ದ.

"ಕೊಟ್ಟು ಬಂದೆ ಮೇಡಂ. ಸಿದ್ದಾಪುರದ ಹತ್ರ ಅಡ್ಡ ಹಾಕಿದ್ರು. ಬಾಟಲಿ ಎತ್ತಿ ತೋರಿಸ್ದೆ. ಕಲ್ಲು ಹೊಡೆದವರೇ ದಾರಿ ಬಿಡಿಸಿ ಕಳಿಸಿದ್ರು."

"ಆಯಮ್ಮ?"

"ಬಾಟಲಿ ಏರಿಸಿದಾರೆ. ಡಾಕ್ಟ್ರು ಇನ್ನೂ ಏನೂ ಹೇಳಲ್ಲ ಅಂದ್ರು."

ಕತ್ತಲಾಗುವ ಮುಂಚೆ ಏಕಾಂತಯ್ಯ ಅವಳನ್ನು ಕರೆದೊಯ್ಯಲು ನಡೆದು ಬಂದ. ದಾರಿಯುದ್ದಕ್ಕೂ ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳಿಸಿಕೊಂಡ. ಮನೆಯ ಬೀದಿಗೆ ತಿರುಗುವಾಗ, "ಯಂತ್ರ ತಪ್ಪು ಹೇಳ್ತು ಅನ್ನು" ಎಂದ.

"ತಪ್ಪಾಗಿರಬಹುದು ಅಂತಾನೂ ಅದೇ ಹೇಳ್ತು."

ಅವನು ಮರುದಿನ ಬಿಲ್ಲೆ ಚುಚ್ಚಿಕೊಂಡೇ ಕೆಲಸಕ್ಕೆ ಹೋದ. ಆ ವಿಷಯದಲ್ಲಿ ಅವರಿಬ್ಬರೂ ಕೊನೆಯವರೆಗೆ ಒಂದಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ನರ್ಸಿಂಗ್ ಹೋಮಿನಿಂದ ಫೋನು ಬಂತು. ಸಂಜೀವಯ್ಯನ ಹೆಂಡತಿ ಕಣ್ಣು ಬಿಟ್ಟಿದ್ದಳು. ಬೆಳಗಿನ ಜಾವ ಮಗುವನ್ನು ಪಕ್ಕದಲ್ಲಿ ಮಲಗಿಸಿದ್ದರಂತೆ. ಕಂಪನಿಯವರು ಹೇಳಿದ ಹಾಗೆ ಬಂದರು. ಸೋಮಲಿಂಗಪ್ಪನವರು ಅವರಿಗೆ ಕಾಫಿ ಕೊಡಿಸಿ, ಏನೂ ಕೆಲಸವಿಲ್ಲ ಎಂದು ಹೇಳಿ ವಾಪಸ್ಸು ಕಳಿಸಿದರು. ಉದ್ಘಾಟನೆಯಲ್ಲಿ, ಅತಿಥಿಗಳು ಪರದೆಯ ಮುಂದೆ ನಿಂತಿರುವಾಗಲೇ 'ತಾಳೆಯಿಲ್ಲ' ಮಿನುಗಿತು. ಹಿಂದೆ ಯಾರೋ ಕಿಸಕ್ಕೆಂದರು. "ಗೊತ್ತಿಲ್ಲದಾಗ ಗೊತ್ತಿಲ್ಲ ಅಂತ ಹೇಳುತ್ತೆ ಸಾರ್, ಅದಕ್ಕೇ ಇಟ್ಟಿರೋದು" ಎಂದು ಸೋಮಲಿಂಗಪ್ಪನವರೇ ಎಲ್ಲರಿಗೂ ಕೇಳುವಂತೆ ಹೇಳಿದರು.

ಮುಂದಿನ ವಾರ ಗಿರಿಜಾದೇವಿ ಇಲಾಖೆಯ ಕಚೇರಿಗೆ ಹೋಗಿ, ರಸ್ತೆಯಡಿ ತಂತಿ ಸಾಗುವ ಪ್ರತಿ ಗುಂಡಿಯನ್ನೂ ತೆಗೆಸಿ ನೋಡಬೇಕೆಂದು ಪಟ್ಟು ಹಿಡಿದು ಕೂತಳು. ಬನಶಂಕರಿ ದೇವಸ್ಥಾನಕ್ಕೆ ಸ್ವಲ್ಪ ಈಚೆ ಸೇತುರಾಮ ಒಂದು ಗುಂಡಿಯ ಮುಚ್ಚಳ ಎತ್ತಿಸಿದ. ಮೊಣಕಾಲುದ್ದ ನೀರಿತ್ತು. ನೀರು ಮೊಗೆದು ಹೊರಹಾಕಿ, ಒಳಗಿಳಿದು, ತಂತಿಗಳ ಜೋಡಣೆಯನ್ನು ಬಿಚ್ಚಿ ಅವಳಿಗೆ ಎತ್ತಿ ತೋರಿಸಿದ. ಸುತ್ತಿದ್ದ ಕಾಗದ ನೆನೆದು ಮೆತ್ತಗಾಗಿತ್ತು. ಕೂದಲಿಗಿಂತ ತುಸು ದಪ್ಪದ ಎರಡು ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಒಂದಕ್ಕೊಂದು ಅಂಟಿದ್ದವು.

"ಇಷ್ಟೇನಾ?" ಎಂದಳು.

"ಇಷ್ಟೇ ಮೇಡಂ. ನೀರು ಏರಿದಾಗ ಆಫ್, ಇಳಿದಾಗ ಆನ್. ನಾನು ತುದಿಗಳನ್ನ ಮಾತ್ರ ನೋಡ್ತಿದ್ದೆ."

ಅವನು ಹಳೆಯದನ್ನು ಕತ್ತರಿಸಿ, ಹೊಸದಾಗಿ ಹೊಸೆದು, ಮೇಣದ ಬಟ್ಟೆ ಸುತ್ತುವವರೆಗೂ ಅವಳು ರಸ್ತೆ ಬದಿಯಲ್ಲಿ ನಿಂತು ನೋಡಿದಳು. ಬಿಸಿಲು ಚುರುಗುಟ್ಟುತ್ತಿತ್ತು. ಎಳನೀರು ಮಾರುತ್ತಿದ್ದವನನ್ನು ಕರೆದು ಸೇತುರಾಮನಿಗೊಂದು, ತನಗೊಂದು ಕೊಚ್ಚಿಸಿದಳು. ಇಬ್ಬರೂ ಗುಂಡಿಯ ಪಕ್ಕದಲ್ಲೇ ನಿಂತು ಕುಡಿದರು.